ಗೂಳಿ ದೊಡ್ಡಪ್ಪನ ದಂಡದ ಸ್ಟೂಲು

ಹಾಸಿಗೆ ಇದ್ದಷ್ಟು ಕಾಲ್ ಚಾಚು ಎಂದು ಬಲ್ಲವರು ಹೇಳಿದ್ದಾರೆ. ಬಲ್ಲವರು ಹೇಳಿದ್ದು ಕಾಲು, ನಾನು ಬರೆದದ್ದು ಕಾಲ್. ಅಚ್ಚಿನ ತಪ್ಪೆಂದು ತಿದ್ದಲು ಹೋಗಬೇಡಿ. ನಮ್ಮ ಆಫೀಸಿನಲ್ಲಿ ಎಲ್ಲರೂ ಚಾಚುತ್ತಿದ್ದದ್ದು ಅದನ್ನೇ, ಹಾಸಿಗೆ ಎಷ್ಟಿದೆ ಎಂದು ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಈಗ ಹೇಳಹೊರಟಿರುವುದು ನಿಜವಾಗಿ ನಡೆದದ್ದು. ಹತ್ತು ಜನರ ಧ್ವನಿ ಅನುಕರಿಸಿ ಮಾತಾಡುವವನು ತನ್ನ ಸ್ವಂತ ಧ್ವನಿಯಲ್ಲಿ ಸತ್ಯ ಹೇಳಿದರೆ ಯಾರೂ ನಂಬುವುದಿಲ್ಲ, ಗೊತ್ತು. ಆದರೂ ಇದು ನಿಜ. ಸುಳ್ಳಾದರೆ ನನ್ನ ಗಂಟಲು ಕಟ್ಟಿಹೋಗಲಿ. ನನ್ನ ಹೆಸರಿನಲ್ಲಿರುವ ಆಸ್ತಿ ಅದೊಂದೇ.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ದೊಡ್ಡಪ್ಪನ ಷೇರು ದಲ್ಲಾಳಿ ಕಚೇರಿ. ಒಂದು ತುದಿಗೆ ಅವರ ಗಾಜಿನ ಕ್ಯಾಬಿನ್, ಇನ್ನೊಂದು ತುದಿಗೆ ಗಿರಾಕಿಗಳಿಗೆ ಪಾಠ ಹೇಳುವ ಕೋಣೆ, ನಡುವೆ ಒಬ್ಬರು ಎದುರಾದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಅಗಲದ ಓಣಿ. ಕಂಪ್ಯೂಟರು, ಪ್ರಿಂಟರು, ಮೈಕು, ತಂತಿಗಳ ಗೋಜಲು ನನ್ನ ಪಾಲಿಗೆ. ಡಿಗ್ರಿ ಓದಿದ ತಮ್ಮನ ಮಗನಿಗಿಂತ ಅಗ್ಗದ ಎಲೆಕ್ಟ್ರಿಷಿಯನ್ ಊರಲ್ಲಿ ಸಿಗುವುದಿಲ್ಲ ಎಂದು ದೊಡ್ಡಪ್ಪ ಆಗಾಗ ನನ್ನ ಬೆನ್ನು ತಟ್ಟುತ್ತಾರೆ.

ಷೇರುಪೇಟೆಯಲ್ಲಿ ಏರುವುದನ್ನು ನಂಬುವವನನ್ನು ಗೂಳಿ ಎನ್ನುತ್ತಾರೆ, ಇಳಿಯುವುದನ್ನು ನಂಬುವವನನ್ನು ಕರಡಿ. ದೊಡ್ಡಪ್ಪ ಹುಟ್ಟಾ ಗೂಳಿ. ಕುತ್ತಿಗೆಯೂ ಅದೇ, ಉಸಿರೂ ಅದೇ, ಕೆಂಪು ಬಣ್ಣ ಕಂಡರೆ ಆಗುವ ಸಂಕಟವೂ ಅದೇ. ಅವರ ಕಚೇರಿಯಲ್ಲಿ 'ಬೀಳು' ಎಂಬ ಕ್ರಿಯಾಪದಕ್ಕೆ ಪ್ರವೇಶವಿರಲಿಲ್ಲ. ಬಿತ್ತು, ಬೀಳುತ್ತೆ, ಬಿದ್ದೀತು, ಯಾವ ವೇಷದಲ್ಲಿ ಬಂದರೂ ಬಾಗಿಲಲ್ಲೇ ತಡೆ. 'ಇಳಿ' ಎಂಬುದನ್ನು ಮೆಟ್ಟಿಲಿಗೆ ಮಾತ್ರ ಬಿಟ್ಟುಕೊಟ್ಟಿದ್ದರು. ಮಾರುಕಟ್ಟೆ ಕುಸಿದ ದಿನ "ಸ್ವಲ್ಪ ದಣಿವಾರಿಸಿಕೊಳ್ತಿದೆ" ಎನ್ನಬೇಕು. ಪೆನ್ನು ಕೈಜಾರಿದರೆ ಅದು ನೆಲಕ್ಕೆ ಹೋಗಿ ಬಂತು. ಹಳೆಯ ಗುಮಾಸ್ತರು ನಿವೃತ್ತರಾದಾಗ ನಾನು 'ಬೀಳ್ಕೊಡುಗೆ ಸಮಾರಂಭ' ಎಂದು ಬ್ಯಾನರ್ ಬರೆಸಿದೆ. ದೊಡ್ಡಪ್ಪ ಅದನ್ನು ಬಿಚ್ಚಿಸಿ 'ಹೋಗಿಬನ್ನಿ ಸಮಾರಂಭ' ಎಂದು ಬರೆಸಿದರು. ಪಾಪ, ಗುಮಾಸ್ತರು ಮಾರನೆಯ ದಿನ ನಿಜವಾಗಿಯೂ ಹೋಗಿ ಬಂದಿದ್ದರು.

ಬಾಯ್ತಪ್ಪಿದವರಿಗೆ ಶಿಕ್ಷೆ ಇತ್ತು. ಓಣಿಯಲ್ಲಿ ಒಂದು ಮರದ ಸ್ಟೂಲು, ಕುಂಟು ಕಾಲಿನದು. ಆ ಮಾತಾಡಿದವರು ಅಂದು ಮಾರುಕಟ್ಟೆಯ ಗಂಟೆ ಹೊಡೆಯುವವರೆಗೆ ಗೋಡೆ ನೋಡಿಕೊಂಡು ಅದರ ಮೇಲೆ ಕೂರಬೇಕು. "ಕಾನೂನು ಅಂದ್ರೆ ಎಲ್ಲರಿಗೂ ಒಂದೇ. ನಾನಂದ್ರೂ ಕೂರ್ತೀನಿ," ಎಂದು ದೊಡ್ಡಪ್ಪ ಎದೆ ತಟ್ಟಿ ಹೇಳುತ್ತಿದ್ದರು. ಹಿಂದೊಮ್ಮೆ ಅವರು ತುಂಬಿದ ಸಭೆಯಲ್ಲಿ "ಇನ್ನು ಬೀಳಬಹುದು" ಎಂದಿದ್ದರಂತೆ, ಮಾರನೆಯ ದಿನವೇ ಪೇಟೆ ಮಗುಚಿಕೊಂಡಿತಂತೆ, ಎಷ್ಟೋ ಗಿರಾಕಿಗಳು ಕೈ ಸುಟ್ಟುಕೊಂಡರಂತೆ. ಅಂದಿನಿಂದ ತನ್ನ ಬಾಯಿ ಒಳ್ಳೆಯದಲ್ಲ ಎಂಬ ಭಯ ಅವರಿಗೆ. ದೊಡ್ಡಮ್ಮ ಇದನ್ನು ಯಾವಾಗಲೋ ಪಿಸುಗುಟ್ಟಿದ್ದಳು. ನಾನು ನಕ್ಕು ಮರೆತಿದ್ದೆ.

ಸ್ಟೂಲಿನ ಮೇಲೆ ಅತಿ ಹೆಚ್ಚು ಕೂತವರು ನಮ್ಮ ಅತ್ತಿಗೆ, ಅಂದರೆ ದೊಡ್ಡಪ್ಪನ ಸೊಸೆ. ಅಣ್ಣ ಹಡಗಿನ ಎಂಜಿನಿಯರು, ಮನೆಗಿಂತ ನೀರಿನ ಮೇಲೆ ಹೆಚ್ಚು. ಅತ್ತಿಗೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುತ್ತಿದ್ದವರು. "ಆ ಕಾಲೇಜು ಬಿಟ್ಟು ಬಾಮ್ಮ, ನಮ್ಮ ಗಿರಾಕಿಗಳಿಗೆ ಆಪ್ಷನ್ ಪಾಠ ಹೇಳು," ಎಂದು ದೊಡ್ಡಪ್ಪನೇ ಕರೆತಂದಿದ್ದರು. ಕರೆತಂದ ಮೇಲೆ ಗೊತ್ತಾದದ್ದು, ಸೊಸೆಯ ನಾಲಿಗೆಗೆ ಗೇಟು ಇಲ್ಲ ಎಂದು. ಮೊದಲ ಸಲ ಸ್ಟೂಲಿಗೆ ಕಳಿಸಿದಾಗ ಸುಮ್ಮನೆ ಕೂತರು. ಎರಡನೆಯ ಸಲ ಮನೆಯಿಂದ ದಿಂಬು ತಂದರು. ಆಮೇಲೆ ದಿಂಬು ವಾಪಸು ಹೋಗಲೇ ಇಲ್ಲ. ಗೋಡೆ ನೋಡಿಕೊಂಡೇ ಕೂತು, ಬೆನ್ನ ಹಿಂದೆ ನಿಂತ ಗಿರಾಕಿಗಳಿಗೆ ಗೋಡೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಪಾಠ ಹೇಳುತ್ತಿದ್ದರು. ಓಣಿಯಲ್ಲಿ ನಡೆದಾಡುವುದೇ ಕಷ್ಟವಾಯಿತು.

ಜಗಳ ಹತ್ತಿಕೊಂಡದ್ದು ಒಂದು ಶುಕ್ರವಾರದ ತರಗತಿಯಲ್ಲಿ. ದೊಡ್ಡಪ್ಪನ ಸ್ಲೈಡುಗಳಲ್ಲಿ ಇದ್ದದ್ದು ಒಂದೇ ಉಪದೇಶ: ಕಾಲ್ ಕೊಳ್ಳಿ. ಆಪ್ಷನ್ ಎಂಬ ಚೀಟಿ ಎರಡು ಬಗೆ: ಸೂಚ್ಯಂಕ ಏರಿದರೆ ಬೆಲೆ ಬರುವುದು ಕಾಲ್, ಇಳಿದರೆ ಬೆಲೆ ಬರುವುದು ಪುಟ್. ಎರಡಕ್ಕೂ ಆಯುಸ್ಸು ಒಂದು ವಾರ; ಶುಕ್ರವಾರ ಸಂಜೆ ಗಂಟೆ ಹೊಡೆದರೆ ಚೀಟಿಯ ಕಥೆ ಮುಗಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ದರ್ಜಿ ಅಕ್ಕ ಕೈ ಎತ್ತಿದಳು. ಹೊಲಿದು ಕೂಡಿಟ್ಟದ್ದನ್ನು ಅವಳು ನಾಲ್ಕು ವಾರದಿಂದ ಕಾಲ್‌ಗಳಿಗೇ ಹಾಕುತ್ತಿದ್ದಳು.

"ಮೇಡಂ, ಏರ್ದೇ ಇದ್ರೆ?"

ಅತ್ತಿಗೆ ದೊಡ್ಡಪ್ಪನ ಸ್ಲೈಡು ಆರಿಸಿ ಮಾರ್ಕರ್ ತೆಗೆದರು.

"ಮೂರು ಥರ ಅನುಮಾನ ಬರುತ್ತೆ ಮನುಷ್ಯರಿಗೆ. ಖಂಡಿತ ಬೀಳುತ್ತೆ ಅನ್ನೋದು ಒಂದು. ಬೀಳುತ್ತೋ ಇಲ್ವೋ ಗೊತ್ತಿಲ್ಲ, ಏರೋದಂತೂ ಇಲ್ಲ ಅನ್ನೋದು ಇನ್ನೊಂದು. ಮೂರನೇದು, ಎಲ್ಲಿಗೂ ಹೋಗಲ್ಲ, ರಜಾದಿನದ ಗಂಡನ ಥರ ಇಲ್ಲೇ ಬಿದ್ದಿರುತ್ತೆ ಅನ್ನೋದು. ಮೂರು ಕಾಯಿಲೆಗೂ ಒಂದೇ ಗುಳಿಗೆ ಕೊಡೋ ಡಾಕ್ಟರ ಹತ್ರ ಹೋಗ್ತೀರಾ?"

"ನಾನಂತೂ ಎಲ್ಲದಕ್ಕೂ ಹಲ್ಲೇ ಕೀಳ್ತೀನಿ," ಎಂದರು ಹಿಂದಿನ ಸಾಲಿನ ದಂತವೈದ್ಯರು.

"ಅದಕ್ಕೇ ಸಾರ್ ನಿಮ್ಮ ಹತ್ರ ಬಂದವರು ಯಾರೂ ಎರಡನೇ ಸಲ ನಗಲ್ಲ," ಎಂದಳು ದರ್ಜಿ ಅಕ್ಕ.

ಅತ್ತಿಗೆ ಬೋರ್ಡಿನ ನಡುವೆ ಒಂದು ಗೆರೆ ಎಳೆದು ಹತ್ತು ಸಾವಿರ ಎಂದು ಬರೆದರು. ಸೂಚ್ಯಂಕ ಅವತ್ತು ಅಲ್ಲೇ ಇತ್ತು.

"ಬೀಳುತ್ತೆ ಅಂತ ಧೈರ್ಯ ಇದ್ದೋರು ಹತ್ತು ಸಾವಿರದ ಪುಟ್ ಕೊಂಡ್ಕೋಬೇಕು, ಅಂದ್ರೆ ಈ ಗೆರೆಯಿಂದ ಕೆಳಗೆ ಹೋದಷ್ಟೂ ದುಡ್ಡು ಬರೋ ಚೀಟಿ. ಬರೀ ಅದನ್ನೇ ಕೊಂಡ್ರೆ ದುಬಾರಿ. ಅದಕ್ಕೆ ಕೆಳಗಡೆ ಒಂಬತ್ತು ಸಾವಿರದ ಎಂಟುನೂರರ ಪುಟ್ ಒಂದನ್ನ ಮಾರಿ ಖರ್ಚು ಇಳಿಸ್ಕೋತೀವಿ. ಆದ್ರೆ ಆ ಕೆಳಗಿನ ಗೆರೆ ದಾಟಿ ಎಷ್ಟೇ ಬಿದ್ರೂ ಹೆಚ್ಚಿನ ಲಾಭ ನಮ್ಮದಲ್ಲ."

"ಪೂರ್ತಿ ಥಾನು ಬಟ್ಟೆ ಕೊಂಡು ಅಂಚು ಮಾರ್ಕೊಂಡ ಹಾಗೆ," ಎಂದಳು ದರ್ಜಿ ಅಕ್ಕ.

"ಹಾಗೇ ಅಕ್ಕ. ಇದರಲ್ಲಿ ಮೊದಲು ಕೈಯಿಂದ ಕೊಡ್ತೀವಿ, ಆಮೇಲೆ ಬೀಳ್ಲಿ ಅಂತ ಕಾಯ್ತೀವಿ. ಬೀಳೋದು ತಡ ಆದಷ್ಟೂ ಚೀಟಿ ಕರಗುತ್ತೆ, ಸಮಯ ನಮಗೆ ಶತ್ರು. ಎರಡನೇ ಅನುಮಾನದೋರಿಗೆ ಬೇರೆ ದಾರಿ. ಹತ್ತು ಸಾವಿರದ ಇನ್ನೂರರ ಕಾಲ್ ಮಾರಿಬಿಡಿ, ದುಡ್ಡು ಮೊದಲೇ ಕೈಗೆ ಬರುತ್ತೆ. ಬೀಳ್ಬೇಕಾಗಿಲ್ಲ, ಅಷ್ಟೆತ್ತರ ಏರದಿದ್ರೆ ಸಾಕು. ದಿನ ಕಳೆದಷ್ಟೂ ನಮಗೇ ಒಳ್ಳೇದು. ಆದ್ರೆ ಅಪ್ಪಿತಪ್ಪಿ ಏರಿಬಿಟ್ರೆ ಮನೆ ಮಠ ಹೋಗದೇ ಇರ್ಲಿ ಅಂತ, ಬಂದ ದುಡ್ಡಲ್ಲೇ ಸ್ವಲ್ಪ ಕೊಟ್ಟು ಮುನ್ನೂರರ ಕಾಲ್ ಕೊಂಡಿಟ್ಕೋಬೇಕು."

"ಮೂರನೇದು?"

"ಎಲ್ಲಿಗೂ ಹೋಗಲ್ಲ ಅನ್ನೋರು ಮೇಲೆ ಹಾಕಿದ ಬೇಲೀನೇ ಕೆಳಗೂ ಹಾಕ್ಕೋತಾರೆ. ಕೆಳಗಡೆ ಎಂಟುನೂರರ ಪುಟ್ ಮಾರಿ, ಏಳುನೂರರ ಪುಟ್ ಕೊಂಡು. ಎರಡು ಕಡೆ ಬೇಲಿ, ಬೇಲಿ ಹಿಂದೆ ಗೋಡೆ. ಸೂಚ್ಯಂಕ ನಡುವಿನ ಅಂಗಳದಲ್ಲೇ ಅಡ್ಡಾಡ್ಕೊಂಡಿದ್ರೆ ಬಂದ ದುಡ್ಡೆಲ್ಲ ನಮ್ಮದೇ. ಲಾಭದ ಚಿತ್ರ ಬರೆದ್ರೆ ರೆಕ್ಕೆ ಚಾಚಿದ ದೊಡ್ಡ ಹಕ್ಕಿ ಥರ ಕಾಣುತ್ತೆ. ಅದಕ್ಕೇ ಕಾಂಡರ್ ಅಂತ ಹೆಸರು."

"ಅದು ರಣಹದ್ದಿನ ಜಾತಿ."

ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. ಮೂಗಿನ ಹೊಳ್ಳೆಗಳು ಅರಳಿದ್ದವು.

"ನನ್ನ ಆಫೀಸಲ್ಲಿ ರಣಹದ್ದು ಸಾಕ್ತಿದ್ದೀಯೇನಮ್ಮ? ಎಷ್ಟು ಸಲ ಅಂದೆ ಅದನ್ನ?"

"ಯಾವುದನ್ನ ಮಾವ?"

"ಅದನ್ನೇ!"

"ಅದನ್ನೇ ಅಂದ್ರೆ?"

"ನೀನು ಅಂದದ್ದನ್ನ!"

"ತುಂಬಾ ಅಂದೆ ಮಾವ. ಯಾವುದು ಅಂತ ನೀವೊಂದು ಸಲ ಅಂದ್ರೆ ಗೊತ್ತಾಗುತ್ತೆ."

ದಂತವೈದ್ಯರು ಕೆಮ್ಮಿದರು. ದೊಡ್ಡಪ್ಪ ಕೆಂಪಗಾದರು, ಅವರು ದ್ವೇಷಿಸುವ ಬಣ್ಣ ಅವರ ಮುಖಕ್ಕೇ ಬಂತು.

"ನಲವತ್ತು ಅಂಶ ಗೆಲ್ಲೋಕೆ ಅರವತ್ತು ಅಂಶ ಪಣಕ್ಕಿಡೋ ಹಕ್ಕಿ ಅದು. ಇದಾ ನಿನ್ನ ಸಂಖ್ಯಾಶಾಸ್ತ್ರ?"

"ಹೌದು. ಗೆಲ್ಲೋ ವಾರ ಹೆಚ್ಚು, ಆದ್ರೆ ಒಂದು ಸೋಲು ಒಂದೂವರೆ ಗೆಲುವನ್ನ ನುಂಗುತ್ತೆ. ಅದನ್ನೂ ಇವರಿಗೆ ಹೇಳ್ತೀನಿ. ನಿಮ್ಮ ಸ್ಲೈಡಲ್ಲಿ ಸೋಲು ಅನ್ನೋ ಪುಟಾನೇ ಇಲ್ವಲ್ಲ ಮಾವ. ಅಕ್ಕ ನಾಲ್ಕು ವಾರದಿಂದ ಹುಡುಕ್ತಿದ್ದಾರೆ."

ಮಾತು ಮಾತಿಗೆ ಬೆಳೆದು ಪಂದ್ಯವಾಯಿತು. ನಮ್ಮಲ್ಲಿ ಅಭ್ಯಾಸದ ಯಂತ್ರ ಒಂದಿದೆ. ಅದರಲ್ಲಿ ಬೆಲೆಗಳು ನಿಜ, ವಹಿವಾಟು ಮಾತ್ರ ಸುಳ್ಳು, ಯಾರ ಕಾಸೂ ಹೋಗುವುದಿಲ್ಲ. ಸೋಮವಾರ ಅದರಲ್ಲಿ ದೊಡ್ಡಪ್ಪ ಕಾಲ್ ಕೊಳ್ಳಬೇಕು, ಅತ್ತಿಗೆ ಕಾಂಡರ್ ಹಾಕಬೇಕು. ಶುಕ್ರವಾರ ಸಂಜೆಯ ಗಂಟೆಗೆ ಹಕ್ಕಿ ಬದುಕಿದ್ದರೆ, ಅಂದರೆ ಸೂಚ್ಯಂಕ ಬೇಲಿಗಳ ನಡುವೆಯೇ ಇದ್ದರೆ, ತರಗತಿ ಅತ್ತಿಗೆಯದು. ಅವರಿಗೆ ಸರಿ ಕಂಡದ್ದನ್ನು ಸರಿ ಕಂಡ ಮಾತಲ್ಲಿ ಹೇಳಬಹುದು. ಹಕ್ಕಿ ಸತ್ತರೆ ದೊಡ್ಡಪ್ಪನ ಸ್ಲೈಡುಗಳನ್ನು ಗಿಳಿಪಾಠ ಒಪ್ಪಿಸಬೇಕು, ಇಲ್ಲವೇ ಮಾರ್ಕರ್ ಕೊಟ್ಟು ಹೊರಡಬೇಕು.

"ಗಿಳಿಪಾಠ ನನ್ನಿಂದ ಆಗಲ್ಲ," ಎಂದರು ಅತ್ತಿಗೆ. "ಸೋತ್ರೆ ಮಾರ್ಕರ್ ನಿಮ್ಮ ಟೇಬಲ್ ಮೇಲಿರುತ್ತೆ. ಅಲ್ಲೀವರೆಗೂ ಈ ಬೋರ್ಡ್ ಒರೆಸೋಕೆ ಯಾರನ್ನೂ ಬಿಡಲ್ಲ."

ಹೀಗೆಂದು ನೇರವಾಗಿ ಓಣಿಗೆ ಹೋಗಿ, ದಿಂಬು ಕೊಡವಿ, ಯಾರೂ ಹೇಳದೆಯೇ ಸ್ಟೂಲಿನ ಮೇಲೆ ಕೂತರು. ಶಿಕ್ಷೆಯನ್ನು ಸಿಂಹಾಸನ ಮಾಡಿಕೊಳ್ಳುವ ಜಾತಿ.

ಸೋಮವಾರ ಸೂಚ್ಯಂಕ ಹತ್ತು ಸಾವಿರದ ಇಪ್ಪತ್ತರಲ್ಲಿತ್ತು. ದೊಡ್ಡಪ್ಪ ಹತ್ತು ಸಾವಿರದ ನೂರರ ಕಾಲ್ ಕೊಂಡರು, ಎಪ್ಪತ್ತು ಅಂಶ ಕೊಟ್ಟು. ಅತ್ತಿಗೆಯ ಹಕ್ಕಿಗೆ ನಲವತ್ತು ಅಂಶ ಬಂತು. ಮಂಗಳವಾರ ಪೇಟೆ ಆಕಳಿಸಿತು. ಬುಧವಾರ ಎದ್ದು ಓಡಲು ಶುರುಮಾಡಿತು: ನೂರು, ನೂರೈವತ್ತು, ನೂರೆಂಬತ್ತು. ಬೇಲಿಗೆ ಇಪ್ಪತ್ತೇ ಅಂಶ ಬಾಕಿ. ದೊಡ್ಡಪ್ಪ ಓಣಿಯಲ್ಲಿ ಶಿಳ್ಳೆ ಹಾಕುತ್ತ ಓಡಾಡಿದರು. ಪ್ರತಿ ಸಲವೂ ಪಾಠದ ಕೋಣೆಯ ಬಾಗಿಲಲ್ಲಿ ನಿಂತು, "ಹಕ್ಕಿಗೆ ನೀರು ಗೀರು ಬಿಟ್ಯೇನಮ್ಮ?" ಎನ್ನುವುದು.

ನಾನೇ ಅತ್ತಿಗೆಯ ಬಳಿಗೆ ಓಡಿದೆ. "ಅತ್ತಿಗೆ, ಮೇಲಿನ ಬೇಲಿ ಈಗ್ಲೇ ಕಿತ್ತುಬಿಡಿ. ಸ್ವಲ್ಪ ನಷ್ಟ ಆಗುತ್ತೆ, ಪೂರ್ತಿ ಹೋಗೋದಕ್ಕಿಂತ ವಾಸಿ."

"ಬೇಲಿ ಹತ್ರ ದನ ಬಂತು ಅಂತ ಹೊಲ ಮಾರ್ತಾರೇನೋ? ಹಾರಿದ್ರೆ ನೋಡ್ಕೊಳ್ಳೋಕೆ ಹಿಂದೆ ಗೋಡೆ ಕಟ್ಟಿದ್ದೀನಿ. ಎಷ್ಟು ಸೋಲ್ತೀನಿ ಅಂತ ಸೋಮವಾರಾನೇ ಗೊತ್ತಿತ್ತು ನನಗೆ. ಗೊತ್ತಿರೋ ಸೋಲಿಗೆ ಯಾಕೆ ಹೆದರ್ಲಿ?"

"ತರಗತಿ ಹೋಗುತ್ತೆ."

"ಹೋದ್ರೆ ಈ ಸ್ಟೂಲ್ ಇದೆ. ಗೋಡೆ ಇದೆ. ನಿಮ್ಮ ದೊಡ್ಡಪ್ಪ ಗೋಡೇನ ಕೆಲಸದಿಂದ ತೆಗೆಯೋಕಾಗುತ್ತಾ?"

ಹೇಳಿದ್ದು ಗಟ್ಟಿಯಾಗಿಯೇ. ಆದರೆ ಮಾರ್ಕರಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ ಬೆರಳುಗಳನ್ನು ನಾನು ನೋಡಿದೆ. ಕಾಲೇಜಿನ ಕೆಲಸವನ್ನು ಅವರು ಬಿಟ್ಟುಬಂದದ್ದು ಈ ಬೋರ್ಡಿಗಾಗಿ.

ಗುರುವಾರ ಪೇಟೆಗೆ ಬುದ್ಧಿ ಬಂತು, ಅಂಗಳದ ನಡುವಿಗೆ ವಾಪಸಾಯಿತು. ಶುಕ್ರವಾರ ಊಟದ ಹೊತ್ತಿಗೆ ಹತ್ತು ಸಾವಿರದ ನಲವತ್ತು. ದೊಡ್ಡಪ್ಪನ ಎಪ್ಪತ್ತು ಅಂಶದ ಕಾಲ್ ಕರಗಿ ಕರಗಿ ಎರಡು ಅಂಶಕ್ಕೆ ಬಂದು, ಚಮಚದಲ್ಲಿ ಎತ್ತುವಷ್ಟಾಗಿತ್ತು. ಅವರು ಕ್ಯಾಬಿನ್ ಸೇರಿ ಬಾಗಿಲು ಹಾಕಿಕೊಂಡರು. ಸಾಕ್ಷಿಗೆಂದು ಅವರೇ ಕರೆಸಿದ್ದ ಗಿರಾಕಿಗಳಿಂದ ಪಾಠದ ಕೋಣೆ ತುಂಬಿತ್ತು.

ಇಲ್ಲಿ ನನ್ನ ಗಂಟಲು ಕಥೆಯೊಳಗೆ ಬರುತ್ತದೆ.

ದೊಡ್ಡಪ್ಪನ ಕ್ಯಾಬಿನ್ನಿನ ಟಿವಿಯಲ್ಲಿ ಚಿತ್ರ ಸತ್ತು ಬಹಳ ದಿನವಾಗಿತ್ತು, ಧ್ವನಿ ಮಾತ್ರ ಬದುಕಿತ್ತು. ಹೊಸದು ತರೋಣ ಎಂದರೆ "ಸುದ್ದಿ ಕೇಳೋಕೆ ಮುಖ ಯಾಕೋ?" ಎನ್ನುತ್ತಿದ್ದರು. ಆ ಧ್ವನಿ ಹೋಗುವ ತಂತಿ ನನ್ನ ಮೇಜಿನ ಮೇಲಿಂದಲೇ ಹಾದುಹೋಗುತ್ತದೆ. ಅಭ್ಯಾಸದ ಯಂತ್ರಕ್ಕೆ ಇನ್ನೊಂದು ಗುಣವಿದೆ: ಹಿಂದಿನ ಯಾವುದಾದರೂ ದಿನದ ಏರಿಳಿತವನ್ನು ಇವತ್ತಿನ ಅಂಕಿಗೆ ಹೊಂದಿಸಿ ಮತ್ತೆ ಓಡಿಸಿ ತೋರಿಸುತ್ತದೆ. ಮೂಲೆಯಲ್ಲಿ 'ಅಭ್ಯಾಸ' ಎಂದು ಬರೆದಿರುತ್ತದೆ, ನಿಜ. ಆದರೆ ಪಂದ್ಯವೇ ಅಭ್ಯಾಸದ ಯಂತ್ರದಲ್ಲಿ ನಡೆಯುತ್ತಿದ್ದರಿಂದ ಸೋಮವಾರದಿಂದಲೂ ದೊಡ್ಡಪ್ಪನ ಪರದೆಯ ಮೇಲೆ ಆ ಅಕ್ಷರಗಳು ಇದ್ದೇ ಇದ್ದವು. ಇಂಥ ಅವಕಾಶ ಕೈಗೆ ಬಂದಾಗ ಸುಮ್ಮನಿರುವವನು ಮನುಷ್ಯನೇ ಅಲ್ಲ, ಗುಮಾಸ್ತ.

ಬಹಳ ಹಿಂದಿನ ಒಂದು ಮಹಾ ಕುಸಿತದ ದಿನವನ್ನು ಹುಡುಕಿ ದೊಡ್ಡಪ್ಪನ ಪರದೆಗೆ ಮಾತ್ರ ಹತ್ತಿಸಿದೆ. ಟಿವಿಯ ತಂತಿ ಕಿತ್ತು ನನ್ನ ಮೈಕು ಸಿಕ್ಕಿಸಿದೆ. ದೊಡ್ಡಪ್ಪ ದಿನವೂ ಕೇಳುವ ಸುದ್ದಿವಾಚಕಿಯ ಗತ್ತು ನನಗೆ ಬಾಯಿಪಾಠ: ಪ್ರತಿ ವಾಕ್ಯವನ್ನು ಮೂಗಿನಲ್ಲಿ ಶುರುಮಾಡಿ ಹಣೆಯಲ್ಲಿ ಮುಗಿಸುತ್ತಾಳೆ.

"ಮಾರುಕಟ್ಟೆಯಲ್ಲಿ ಇದೀಗ ಭಾ...ರೀ ತಲ್ಲಣ! ಸೂಚ್ಯಂಕ ಒಂಬತ್ತು ಸಾವಿರದ ಎಂಟುನೂರರ ಕೆಳಗೆ! ಹೂಡಿಕೆದಾರರು ಎಲ್ಲಿದ್ದಾರೆ? ನಮ್ಮ ವರದಿಗಾರರು ಹುಡುಕುತ್ತಿದ್ದಾರೆ!"

ನನ್ನ ಲೆಕ್ಕಾಚಾರ ಸರಳವಾಗಿತ್ತು. ಗೂಳಿ ಬೆದರುತ್ತದೆ, ಬೆವರುತ್ತದೆ, ಬಿಳಿಚಿಕೊಂಡು ಹೊರಗೆ ಬಂದು ನೀರು ಕೇಳುತ್ತದೆ, ನಾನು ಅದೇ ಸುದ್ದಿವಾಚಕಿಯ ಧ್ವನಿಯಲ್ಲಿ ಲೋಟ ಕೊಡುತ್ತೇನೆ. ಮೈಕು ಆರಿಸಿ, ಸಂಭಾವಿತನಂತೆ ಪಾಠದ ಕೋಣೆಯ ಕೊನೆಯ ಬೆಂಚಿಗೆ ಬಂದು ಕೂತೆ. ಅತ್ತಿಗೆ ಬೋರ್ಡಿನ ಮುಂದೆ ನಿಂತು, ಇಳಿಯುವ ಪೇಟೆಗೆ ಪುಟ್ ಕೊಳ್ಳುವ ದಾರಿ ಯಾವಾಗ, ಕಾಲ್ ಮಾರುವ ದಾರಿ ಯಾವಾಗ ಎಂದು ದರ್ಜಿ ಅಕ್ಕನಿಗೆ ಬಿಡಿಸಿ ಹೇಳುತ್ತಿದ್ದರು.

"ಭಯ ಹೆಚ್ಚಾದಾಗ ಎಲ್ಲ ಚೀಟಿಗಳ ಬೆಲೆಯೂ ಉಬ್ಬುತ್ತೆ ಅಕ್ಕ. ಉಬ್ಬಿದಾಗ ಮಾರೋದು ಲಾಭ, ಸೊರಗಿದಾಗ ಕೊಳ್ಳೋದು ಲಾಭ. ಬೀಳುತ್ತೆ ಅಂತ ಗೊತ್ತಾದ್ರೆ ಸಾಲ್ದು, ಬೇರೆಯವರೆಲ್ಲ ಎಷ್ಟು ಹೆದರಿದ್ದಾರೆ ಅಂತಾನೂ ನೋಡ್ಬೇಕು..."

ಬಾಗಿಲು ಗೋಡೆಗೆ ಬಡಿಯಿತು.

"ಬಿತ್ತು!"

ದೊಡ್ಡಪ್ಪ. ಬಿಳಿಚಿಕೊಂಡಿರಲಿಲ್ಲ. ಬೆವರಿರಲಿಲ್ಲ. ಎರಡೂ ಕೈ ಮೇಲೆತ್ತಿ, ಅಂಗಿಯ ಒಂದು ತುದಿ ಹೊರಗೆ ಬಂದು, ಮದುವೆಯ ಗಂಡಿನಂತೆ ಮುಖ ಹೊಳೆಯುತ್ತಿತ್ತು.

"ಬಿತ್ತು ಕಣಮ್ಮಾ! ಬಿತ್ತು! ಮಕಾಡೆ ಬಿತ್ತು! ಬಿದ್ದ ರಭಸಕ್ಕೆ ನಿನ್ನ ಹಕ್ಕಿ ಅಪ್ಪಚ್ಚಿ! ಎಂಟುನೂರೂ ಹೋಯ್ತು, ಏಳುನೂರೂ ಹೋಯ್ತು, ಬೇಲೀನೂ ಬಿತ್ತು, ಗೋಡೇನೂ ಬಿತ್ತು! ತಾ ಮಾರ್ಕರ್!"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಗೂಳಿಯೇ ಈದು ತಾನೇ ಪೇಡೆ ಹಂಚಲು ಬಂದಿತ್ತು. ಇದು ನಾನು ಬಗೆದದ್ದಲ್ಲ. ತನ್ನ ಕಾಲ್ ಹೇಗೂ ಸತ್ತಿತ್ತು. ಪೇಟೆ ಕುಸಿದರೆ ಸೊಸೆಯ ಹಕ್ಕಿಯೂ ಸಾಯುತ್ತದೆ ಎಂಬ ಸಂತೋಷದಲ್ಲಿ, ಜೀವಮಾನವಿಡೀ ಕುಸಿತವನ್ನು ಶಪಿಸಿದ ಮನುಷ್ಯ ಕುಸಿತಕ್ಕೆ ಕುಣಿಯುತ್ತಿದ್ದರು. ಜೇಬಿನಲ್ಲಿ ಫೋನಿತ್ತು, ತೆಗೆದು ನೋಡಬಹುದಿತ್ತು. ಆದರೆ ಕೆಟ್ಟ ಸುದ್ದಿಯನ್ನು ಹತ್ತು ಸಲ ವಿಚಾರಿಸುವ ನಾವು ಒಳ್ಳೆಯ ಸುದ್ದಿಯನ್ನು ಎರಡನೆಯ ಸಲ ವಿಚಾರಿಸುತ್ತೇವೆಯೇ?

ದಂತವೈದ್ಯರ ಬಾಯಿ, ಅವರ ಕುರ್ಚಿಯಲ್ಲಿ ಕೂತ ರೋಗಿಯ ಬಾಯಿಯಂತೆ ತೆರೆದಿತ್ತು.

"ಮಾವ," ಎಂದರು ಅತ್ತಿಗೆ ನಿಧಾನವಾಗಿ. "ಏನು ಬಿತ್ತು?"

"ಮಾರ್ಕೆಟ್!"

"ಯಾವ ಮಾರ್ಕೆಟ್?"

ಅತ್ತಿಗೆ ಪಕ್ಕಕ್ಕೆ ಸರಿದರು. ಅವರ ಹಿಂದಿನ ಗೋಡೆಯ ದೊಡ್ಡ ಪರದೆಯಲ್ಲಿ, ನಿಜವಾದ ಪೇಟೆಯ ನಿಜವಾದ ಅಂಕಿ: ಹತ್ತು ಸಾವಿರದ ಮೂವತ್ತೆಂಟು. ನಮ್ಮೆಲ್ಲರ ಕಣ್ಣೆದುರೇ ಅದು ಮೂವತ್ತೊಂಬತ್ತಾಯಿತು.

ಮೇಲೆತ್ತಿದ ದೊಡ್ಡಪ್ಪನ ಕೈಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತವು.

"ಆದ್ರೆ... ಟಿವಿಲಿ ಅವಳು ಹೇಳಿದ್ಲಲ್ಲ... ವರದಿಗಾರರು ಹುಡುಕ್ತಿದ್ದಾರೆ ಅಂತ..."

ಅತ್ತಿಗೆಯ ಕಣ್ಣು ಕೊನೆಯ ಬೆಂಚಿಗೆ ಬಂತು. ಅಷ್ಟು ಜನರ ನಡುವೆ ನೇರವಾಗಿ ನನ್ನ ಗಂಟಲ ಮೇಲೇ ಬಂದು ನಿಂತಿತು.

"ಎದ್ದು ನಿಲ್ಲೋ."

ಎದ್ದೆ.

"ಏನು ಮಾಡ್ದೆ?"

ಎಲ್ಲ ಹೇಳಿದೆ. ತಂತಿ, ಮೈಕು, ಹಳೆಯ ದಿನ. ಸುದ್ದಿವಾಚಕಿಯ ಧ್ವನಿಯನ್ನು ಒಂದು ಸಾಲು ಮಾದರಿಗೆ ಕೊಟ್ಟಾಗ ಹಿಂದೆ ಯಾರೋ ಕಿಸಕ್ಕೆಂದರು. ಅತ್ತಿಗೆ ನಗಲಿಲ್ಲ.

"ನನ್ನನ್ನ ಗೆಲ್ಲಿಸೋಕೆ ನಿನ್ನ ಮಂಗಾಟ ಬೇಕು ಅಂತ ಯಾರು ಹೇಳಿದ್ರು ನಿನಗೆ? ನಾಳೆ ಇವರೆಲ್ಲ ಏನಂತಾರೆ? ಮಾವನ್ನ ಏಮಾರಿಸಿ ತರಗತಿ ಹೊಡ್ಕೊಂಡ್ಳು ಅಂತಾರೆ. ಆ ಗೆಲುವು ನನಗೆ ಬೇಡ." ಅವರು ದೊಡ್ಡಪ್ಪನ ಕಡೆ ತಿರುಗಿದರು. "ಮಾವ, ನೀವು ಕೂಗಿದ್ದು ಲೆಕ್ಕಕ್ಕಿಲ್ಲ. ಗಂಟೆ ಇನ್ನೂ ಹೊಡೆದಿಲ್ಲ. ಕೊನೇ ಗಳಿಗೇಲಿ ಎಷ್ಟೋ ಹಕ್ಕಿ ಸತ್ತಿದ್ದನ್ನ ನಾನೂ ಕಂಡಿದ್ದೀನಿ. ಕಾಯೋಣ. ಸತ್ರೆ ಮಾರ್ಕರ್ ನಿಮ್ಮದು, ಈ ಮಾತು ಇಷ್ಟು ಜನರ ಮುಂದೆ ಹೇಳಿದ್ದೀನಿ."

ದೊಡ್ಡಪ್ಪ ತಿರುಗಿ ಹೊರಗೆ ಹೋದರು. ಸಿಟ್ಟಿನಲ್ಲಿ ಕ್ಯಾಬಿನ್ ಸೇರಿಕೊಂಡರೆಂದು ನಾವು ತಿಳಿದೆವು. ಓಣಿಯಲ್ಲಿ ಮರ ನೆಲಕ್ಕೆ ಉಜ್ಜುವ ಸದ್ದಾಯಿತು. ಸ್ಟೂಲನ್ನು ಎಳೆದುಕೊಂಡು ಬಂದರು, ಅತ್ತಿಗೆಯ ದಿಂಬಿನ ಸಮೇತ. ಪರದೆಯ ಎದುರಿಗಿಟ್ಟು, ಅಂಗಿಯ ತುದಿ ಒಳಗೆ ತುರುಕಿ, ಕೂತರು.

"ಕಾನೂನು ಅಂದ್ರೆ ಎಲ್ಲರಿಗೂ ಒಂದೇ," ಎಂದರು. "ಗೋಡೆ ನೋಡ್ಬೇಕು ತಾನೇ? ಪರದೆ ಇರೋದೂ ಗೋಡೆ ಮೇಲೇ."

ದರ್ಜಿ ಅಕ್ಕ ಮೆಲ್ಲಗೆ ಹೇಳಿದಳು: "ಎಡಗಾಲು ಕುಂಟು ಸಾರ್, ಸ್ಟೂಲಿಂದು. ಬಲಕ್ಕೆ ಭಾರ ಹಾಕಿ. ನಾನೂ ಕೂತಿದ್ದೀನಿ."

ಎಲ್ಲರೂ ಪರದೆ ನೋಡುತ್ತ ಕೂತೆವು. ಸೂಚ್ಯಂಕ ಒಂದಂಶ ಮೇಲೆ, ಎರಡಂಶ ಕೆಳಗೆ, ನಡುಮನೆಯಲ್ಲಿ ಚಪ್ಪಲಿ ಹುಡುಕುವ ಮುದುಕನಂತೆ ಅಲ್ಲಲ್ಲೇ ಸುತ್ತುತ್ತಿತ್ತು. ಅತ್ತಿಗೆಯ ಬೆರಳು ಮಾರ್ಕರಿನ ಮುಚ್ಚಳದ ಮೇಲೆ. ದೊಡ್ಡಪ್ಪ ಮುಂದಕ್ಕೆ ಬಾಗಿ, ಏನೋ ಹುಡುಕುವವರಂತೆ ಅಂಕಿಯನ್ನೇ ದಿಟ್ಟಿಸುತ್ತಿದ್ದರು.

"ನಾನು ಎಷ್ಟು ಸಲ ಕೂಗಿದೆ?" ಎಂದು ಇದ್ದಕ್ಕಿದ್ದಂತೆ ಕೇಳಿದರು.

"ತುಂಬಾ," ಎಂದರು ದಂತವೈದ್ಯರು.

"ಜೋರಾಗೇ ಕೂಗಿದ್ನಾ?"

"ಕೆಳಗಡೆ ಚಪ್ಪಲಿ ಅಂಗಡಿಯವನು ಹೊರಗೆ ಬಂದು ಮೇಲೆ ನೋಡ್ತಿದ್ದ ಸಾರ್," ಎಂದಳು ಕಿಟಕಿಯ ಪಕ್ಕದ ದರ್ಜಿ ಅಕ್ಕ.

"ಆದ್ರೂ..." ದೊಡ್ಡಪ್ಪ ಪರದೆಯತ್ತ ಬೆರಳು ತೋರಿಸಿದರು. "ಆದ್ರೂ ಅದು ಕದಲ್ಲಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ನನಗೆ ಮಾತ್ರ ದೊಡ್ಡಮ್ಮನ ಪಿಸುಮಾತು ನೆನಪಾಯಿತು.

ದೊಡ್ಡಪ್ಪ ಇನ್ನಷ್ಟು ಮುಂದೆ ಬಾಗಿ, ಮಲಗಿದ ನಾಯಿಯನ್ನು ಮಾತಾಡಿಸುವವರಂತೆ ಮೆಲ್ಲಗೆ ಅಂದರು: "ಬೀಳು."

ಹತ್ತು ಸಾವಿರದ ನಲವತ್ತು.

"ಬೀಳು," ಸ್ವಲ್ಪ ಗಟ್ಟಿಯಾಗಿ.

ಹತ್ತು ಸಾವಿರದ ನಲವತ್ತು.

"ಬೀಳೇ!" ಗಾಜು ನಡುಗುವಂತೆ.

ಹತ್ತು ಸಾವಿರದ ನಲವತ್ತೊಂದು. ಗಂಟೆ ಹೊಡೆಯಿತು.

ದರ್ಜಿ ಅಕ್ಕ ಚಪ್ಪಾಳೆ ಶುರುಮಾಡಿದಳು. ಅತ್ತಿಗೆ ಮಾರ್ಕರಿನ ಮುಚ್ಚಳ ಹಾಕಿ, ಅದನ್ನು ತಮ್ಮ ಜೇಬಿಗೇ ಸಿಕ್ಕಿಸಿಕೊಂಡರು, ಯಾರ ಅಪ್ಪಣೆಗೂ ಕಾಯದೆ. ಆಗ ಎಲ್ಲರೂ ದೊಡ್ಡಪ್ಪನತ್ತ ತಿರುಗಿದೆವು. ಅವರ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆಂದು ಹೆದರಿ ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಇಷ್ಟು ವರ್ಷ," ಎಂದ ದೊಡ್ಡಪ್ಪನ ಮಾತು ಉಸಿರಿಗೆ ಸಿಕ್ಕಿಕೊಂಡಿತು, "ಇಷ್ಟು ವರ್ಷ ನಾನೇ ಬೀಳಿಸ್ತೀನಿ ಅಂದ್ಕೊಂಡಿದ್ನಲ್ಲೋ! ನನ್ನ ನಾಲಿಗೆಗೆ ಹೆದರಿ ಊರಿಗೆಲ್ಲ ಬಾಯಿ ಮುಚ್ಚಿಸಿದ್ದೆ. ಗುಮಾಸ್ತನ ಬ್ಯಾನರ್ ಬಿಚ್ಚಿಸಿದೆ! ಅದಕ್ಕೆ ನಾನ್ಯಾರು ಅಂತಾನೇ ಗೊತ್ತಿಲ್ಲ! ನನ್ನ ಮಾತು ಅದು ಕೇಳೇ ಇಲ್ಲ!"

"ನಾವೂ ಕೇಳಲ್ವಲ್ಲ ಮಾವ," ಎಂದರು ಅತ್ತಿಗೆ. "ನಾನಂತೂ ಮೊದಲಿಂದಲೂ ಕೇಳಿಲ್ಲ."

ಅದೇ ಸಾಕಾಯಿತು. ದೊಡ್ಡಪ್ಪನ ಹೊಟ್ಟೆಯೊಳಗಿಂದ ಹೊರಟ ನಗು ಭುಜಕ್ಕೆ ಬಂತು, ಭುಜದಿಂದ ಸ್ಟೂಲಿಗೆ ಇಳಿಯಿತು, ಸ್ಟೂಲಿನ ಎಡಗಾಲಿಗೆ ಹೋಯಿತು. ಲಟಕ್ ಎಂದಿತು. ಗೂಳಿ ದಿಂಬಿನ ಸಮೇತ ನೆಲಕ್ಕೆ ಹೋಗಿ ಬಂತು ಎನ್ನಲೇ? ಬಿತ್ತು. ಹಿಡಿಯಲು ಓಡಿದ ನಮ್ಮನ್ನೆಲ್ಲ ಕೈಯಲ್ಲೇ ತಡೆದು, ಮಲಗಿದಲ್ಲಿಂದಲೇ, "ಮುಟ್ಬೇಡ್ರೋ! ಬಿದ್ದೆ! ನಾನೇ ಬಿದ್ದೆ!" ಎಂದು ಕೂಗಿದರು. ಕೋಣೆಗೆ ಕೋಣೆಯೇ ಗೊಳ್ಳೆಂದಿತು. ಅದನ್ನೂ ಮುಳುಗಿಸಿ, ನಾನು ಎಷ್ಟು ತಿಣುಕಿದರೂ ಇವತ್ತಿನವರೆಗೂ ನನ್ನ ಗಂಟಲಿಗೆ ದಕ್ಕದ ಆ ನಗುವನ್ನು, ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.